ಮೊದಲು ಸಹಿಯ ಮಿತಿ, ಪದನಾಮ ಆಮೇಲೆ: ಖರೀದಿ ವಿಭಾಗದ ಹೆಣ್ಣುಮಕ್ಕಳಿಗೆ ಒಂದು ಮಾರ್ಗದರ್ಶಿ

ಶಿವಮೊಗ್ಗದಿಂದ ಭದ್ರಾವತಿಯ ದಾರಿ ಹಿಡಿದರೆ ಸಿಗುವ ನಿದಿಗೆ, ಮಾಚೇನಹಳ್ಳಿ ಕಡೆಯ ಹಲವು ಕಾರ್ಖಾನೆಗಳ ಖರೀದಿ ವಿಭಾಗದಲ್ಲಿ ಈಗ ಒಬ್ಬಿಬ್ಬರಾದರೂ ಹೆಣ್ಣುಮಕ್ಕಳು ಕಾಣುತ್ತಾರೆ. ಬಿ.ಕಾಂ. ಮುಗಿಸಿದವರು, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವರು, ಎಂ.ಬಿ.ಎ. ಆದವರು. ಪರ್ಚೇಸ್ ಆರ್ಡರ್ (ಪಿ.ಓ.) ತಯಾರಿಸುವುದು, ಸರಕಿನ ಲಾರಿ ಎಲ್ಲಿಗೆ ಬಂತೆಂದು ಫೋನ್ ಮಾಡುವುದು, ಬಿಲ್ಲಿಗೂ ಜಿ.ಆರ್.ಎನ್.ಗೂ (ಸರಕು ಬಂದು ಸೇರಿದ ರಸೀದಿಗೂ) ತಾಳೆ ನೋಡುವುದು ಅವರ ಪಾಲಿನ ಕೆಲಸ. ದರ ಮಾತ್ರ ಪಕ್ಕದ ಕೋಣೆಯಲ್ಲಿ ತೀರ್ಮಾನವಾಗುತ್ತದೆ. ತೀರ್ಮಾನವಾದ ಮೇಲೆ ಒಂದು ಚೀಟಿ ಹೊರಗೆ ಬರುತ್ತದೆ: ‘ಈ ದರಕ್ಕೆ ಪಿ.ಓ. ಹಾಕಿ.’

ಈ ತಾರತಮ್ಯ ಬೈಗುಳದ ರೂಪದಲ್ಲಿ ಬರುವುದು ಕಡಿಮೆ. ಬರುವುದೆಲ್ಲ ಕಾಳಜಿಯ ರೂಪದಲ್ಲಿ. ‘ಮಳೆಗಾಲದಲ್ಲಿ ಘಾಟಿ ಇಳಿದು ಹೋಗುವುದು ನಿಮಗೇಕೆ ತೊಂದರೆ?’ ‘ಸ್ಕ್ರ್ಯಾಪ್ ಯಾರ್ಡಿನಲ್ಲಿ ಒರಟು ಜನ ಇರುತ್ತಾರೆ ಮೇಡಂ, ನಾನೇ ಹೋಗಿ ಬರುತ್ತೇನೆ.’ ಹೇಳುವವರು ಒಳ್ಳೆಯವರೇ. ಆದರೆ ಹೀಗೆ ಐದು ವರ್ಷ ಕಾಳಜಿ ಮಾಡಿಸಿಕೊಂಡವರು ಸಹಾಯಕ ವ್ಯವಸ್ಥಾಪಕರ ಹುದ್ದೆ ಖಾಲಿಯಾದ ದಿನ ‘ನಿಮಗೆ ಫೀಲ್ಡ್ ಅನುಭವ ಇಲ್ಲವಲ್ಲ’ ಎಂಬ ಮಾತು ಕೇಳುತ್ತಾರೆ.

ಈ ಬರಹ ಅಂಥವರಿಗಾಗಿ. ಖಾಸಗಿ ಕಾರ್ಖಾನೆ, ಸಹಕಾರ ಸಂಘ, ಆಸ್ಪತ್ರೆ, ಕಾಲೇಜು, ಎಲ್ಲಿಯಾದರೂ ಖರೀದಿಯ ಮೇಜಿನಲ್ಲಿ ಕೂತಿರುವವರು ಓದಿಕೊಳ್ಳಬಹುದು. ನನ್ನ ವಾದ ಒಂದೇ: ಈ ಕ್ಷೇತ್ರದಲ್ಲಿ ನಾಯಕತ್ವವೆಂದರೆ ಎಷ್ಟು ರೂಪಾಯಿಯವರೆಗೆ ನಿಮ್ಮ ಸಹಿ ನಡೆಯುತ್ತದೆ, ಯಾವ ಸರಕಿಗೆ ನಡೆಯುತ್ತದೆ ಎಂಬುದು. ಅದಿಲ್ಲದೆ ‘ಸೀನಿಯರ್’ ಎಂಬ ಪದ ಹೆಸರಿನ ಮುಂದೆ ಬಂದರೆ ಸಂಬಳದ ಚೀಟಿಯಲ್ಲಿ ಎರಡು ಸಾವಿರ ಹೆಚ್ಚಾಗಬಹುದು, ಅಷ್ಟೆ.

1. ನೀವು ಎಲ್ಲಿ ನಿಂತಿದ್ದೀರಿ ಎಂದು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಖರೀದಿಯ ಸರಪಳಿಯನ್ನು ಬರೆಯಿರಿ. ಇಂಡೆಂಟ್ (ಸರಕು ಬೇಕೆಂಬ ಬೇಡಿಕೆ ಪತ್ರ), ವಿಚಾರಣೆ, ಕೊಟೇಶನ್, ತುಲನಾ ಪಟ್ಟಿ (ಬಂದ ದರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಪಟ್ಟಿ), ದರದ ಮಾತುಕತೆ, ಒಪ್ಪಿಗೆ, ಪಿ.ಓ., ಫಾಲೋಅಪ್, ಜಿ.ಆರ್.ಎನ್., ಬಿಲ್. ಕಳೆದ ಮೂರು ತಿಂಗಳಲ್ಲಿ ಪ್ರತಿ ಹಂತವನ್ನು ಯಾರು ಮಾಡಿದರು ಎಂದು ಎದುರಿಗೆ ಹೆಸರು ಹಾಕಿ. ನಿಮ್ಮ ಹೆಸರು ಪಿ.ಓ.ಯಿಂದ ಆಚೆಗೇ ಇದ್ದರೆ, ತೀರ್ಮಾನ ಮುಗಿದ ಮೇಲಿನ ಕೆಲಸವೆಲ್ಲ ನಿಮ್ಮದು ಎಂದಾಯಿತು.

ಇನ್ನೊಂದು ಹಾಳೆಯಲ್ಲಿ ಸರಕುಗಳ ಪಟ್ಟಿ. ಸ್ಟೋರ್ಸ್‌ನವರಿಗೆಲ್ಲ ಗೊತ್ತಿರುವ ಎ-ಬಿ-ಸಿ ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಸಂಖ್ಯೆಯಲ್ಲಿ ಕೆಲವೇ ಆದರೂ ಹಣದ ದೊಡ್ಡ ಪಾಲು ತಿನ್ನುವವು ಎ ವರ್ಗ, ಸಂಖ್ಯೆಯಲ್ಲಿ ನೂರಾರು ಇದ್ದು ಹಣದಲ್ಲಿ ಅಲ್ಪವಾದವು ಸಿ ವರ್ಗ, ನಡುವಿನವು ಬಿ ವರ್ಗ. ಎರಕದ ಕಾರ್ಖಾನೆ, ಅಂದರೆ ಫೌಂಡ್ರಿಯಾದರೆ ಪಿಗ್ ಐರನ್ (ಕಚ್ಚಾ ಕಬ್ಬಿಣ), ಸ್ಕ್ರ್ಯಾಪ್, ಫೆರೋ ಸಿಲಿಕಾನ್ ಎ ವರ್ಗದಲ್ಲಿರುತ್ತವೆ. ಸ್ಟೇಷನರಿ, ಸಮವಸ್ತ್ರ, ಕ್ಯಾಂಟೀನ್ ದಿನಸಿ, ಫಿನಾಯಿಲ್ ಸಿ ವರ್ಗದಲ್ಲಿ. ಈಗ ಯಾವ ವರ್ಗ ಯಾರ ಕೈಯಲ್ಲಿದೆ ನೋಡಿ. ಫಿನಾಯಿಲ್ ಕೊಳ್ಳುವುದೂ ಖರೀದಿಯೇ, ಒಪ್ಪೋಣ. ಅದರಲ್ಲಿ ಶೇಕಡಾ 20 ಉಳಿಸಿದರೂ ಮಾಲೀಕರ ಕಣ್ಣಿಗೆ ಬೀಳುವುದಿಲ್ಲ. ಪಿಗ್ ಐರನ್ನಿನಲ್ಲಿ ಶೇಕಡಾ 1 ಉಳಿಸಿದವನ ಹೆಸರು ವಾರ್ಷಿಕ ಸಭೆಯಲ್ಲಿ ಬರುತ್ತದೆ.

ಮೂರನೆಯ ಪಟ್ಟಿಯನ್ನು ಯಾರೂ ಮಾಡುವುದಿಲ್ಲ, ನೀವು ಮಾಡಿ. ಆಯುಧಪೂಜೆಯ ಹೂವು-ಕುಂಬಳಕಾಯಿ, ಐ.ಎಸ್.ಓ. ಆಡಿಟ್ ಬಂದಾಗ ಕಡತ ಜೋಡಣೆ, ಸಭೆಯ ನಡಾವಳಿ, ಅತಿಥಿ ಬಂದರೆ ಊಟದ ಆರ್ಡರ್. ಇವೆಲ್ಲ ಯಾರಾದರೂ ಮಾಡಲೇಬೇಕಾದ ಕೆಲಸಗಳು, ಆದರೆ ಇವುಗಳಿಂದ ಯಾರಿಗೂ ಬಡ್ತಿ ಸಿಕ್ಕಿದ್ದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪ್ರಯೋಗದ ಮೂಲಕ ತೋರಿಸಿತು. ಬಡ್ತಿಗೆ ಉಪಯೋಗವಿಲ್ಲದ ಕೆಲಸಗಳಿಗೆ ಹೆಂಗಸರೇ ಹೆಚ್ಚಾಗಿ ಮುಂದೆ ಬರುತ್ತಾರೆ, ಅವರನ್ನೇ ಹೆಚ್ಚಾಗಿ ಕೇಳಲಾಗುತ್ತದೆ, ಕೇಳಿದಾಗ ಅವರೇ ಹೆಚ್ಚಾಗಿ ಒಪ್ಪುತ್ತಾರೆ. ಸ್ವಾರಸ್ಯವೆಂದರೆ, ಗುಂಪಿನಲ್ಲಿ ಬರೀ ಗಂಡಸರಿದ್ದಾಗ ಅವರೂ ಅಷ್ಟೇ ಪ್ರಮಾಣದಲ್ಲಿ ಕೈ ಎತ್ತುತ್ತಾರೆ! ಹಾಗಾಗಿ ಇದು ಸ್ವಭಾವದ ಮಾತಲ್ಲ, ನಿರೀಕ್ಷೆಯ ಮಾತು. ಮುಂದಿನ ಸಲ ಕುಂಬಳಕಾಯಿಯ ವಿಷಯ ಬಂದಾಗ ‘ಹೋದ ವರ್ಷ ನಾನು ನೋಡಿಕೊಂಡೆ ಸರ್, ಈ ಸಲ ಸರದಿಯಂತೆ ಸ್ಟೋರ್ಸ್‌ನವರು ನೋಡಿಕೊಳ್ಳಲಿ’ ಎಂದರೆ ಸಾಕು. ಜಗಳ ಬೇಕಿಲ್ಲ.

2. ಒಂದು ಸರಕನ್ನು ಬೇರುಸಹಿತ ಕಲಿಯಿರಿ

ಮಲೆನಾಡಿನ ಅಡಿಕೆ ಮನೆಗಳಲ್ಲಿ ಸುಲಿತದ ಕಾಲಕ್ಕೆ ಮೆಟ್ಟುಗತ್ತಿಯ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹೆಂಗಸರು. ಕಾಯಿ ಕೈಗೆ ಬಂದೊಡನೆ ಇದು ಅಡಿಕೆಯ ಯಾವ ದರ್ಜೆಗೆ, ಹಸಕ್ಕೆ ಹೋಗುವುದೋ, ಬೆಟ್ಟೆಗೋ, ಗೊರಬಲಿಗೋ ಎಂದು ಅವರಿಗೆ ತಿಳಿಯುತ್ತದೆ. ಅದೇ ಅಡಿಕೆ ಚೀಲ ತುಂಬಿ ಮಂಡಿಗೆ ಹೊರಟಾಗ ಜೊತೆಗೆ ಹೋಗಿ ದರ ಮಾತಾಡುವವರು ಗಂಡಸರು. ಕಾರ್ಖಾನೆಯ ಖರೀದಿ ವಿಭಾಗ ಈ ಮನೆಯ ಪದ್ಧತಿಯನ್ನೇ ಮೇಜು-ಕುರ್ಚಿ ಹಾಕಿ ಮುಂದುವರಿಸಿದೆ. ವ್ಯತ್ಯಾಸವೆಂದರೆ ಇಲ್ಲಿ ಸರಕಿನ ತಿಳಿವಳಿಕೆಯನ್ನೂ ನಾವು ಕಷ್ಟಪಟ್ಟು ಗಳಿಸಿಕೊಳ್ಳಬೇಕು.

ಎಲ್ಲವನ್ನೂ ಕಲಿಯಲು ಹೋಗಬೇಡಿ. ಎ ವರ್ಗದ ಒಂದನ್ನು, ಅದಾಗದಿದ್ದರೆ ಬಿ ವರ್ಗದ ಮೇಲ್ತುದಿಯ ಒಂದನ್ನು ಆರಿಸಿಕೊಳ್ಳಿ. ನಾನು ಸ್ಕ್ರ್ಯಾಪನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ‘ಇದು ಹೆಂಗಸರ ಕೆಲಸವಲ್ಲ’ ಎಂಬ ಮಾತು ಅತಿ ಹೆಚ್ಚು ಕೇಳಿಬರುವುದು ಅಲ್ಲೇ.

ಲಾರಿ ಬಂದಾಗ ಅದನ್ನು ತೂಗುವ ವೇಬ್ರಿಡ್ಜ್ ಹತ್ತಿರ ನಿಂತು ನೋಡಿ. ತುಂಬಿದ ತೂಕ ಬರೆದುಕೊಳ್ಳುವಾಗ ಚಾಲಕ, ಕ್ಲೀನರ್ ಗಾಡಿಯಲ್ಲಿ ಕೂತಿದ್ದು, ಖಾಲಿ ತೂಕಕ್ಕೆ ಮೊದಲು ಇಳಿದುಬಿಟ್ಟರೆ, ಅವರಿಬ್ಬರ ಮೈತೂಕವನ್ನೂ ಕಬ್ಬಿಣದ ದರದಲ್ಲಿ ಕೊಂಡಂತೆ. ಟಾರ್ಪಾಲಿನ್ ಮಳೆಯಲ್ಲಿ ನೆನೆದಿದ್ದರೆ ಅದನ್ನು ಎರಡೂ ತೂಕದಲ್ಲಿ ಗಾಡಿಯ ಮೇಲೆಯೇ ಇಡಿಸಬೇಕು, ಇಲ್ಲವೇ ಎರಡೂ ಸಲ ಇಳಿಸಿಡಬೇಕು. ಲೇತ್‌ನಿಂದ ಬರುವ ಲೋಹದ ಚೂರುಗಳಾದ ಬೋರಿಂಗ್‌ನಲ್ಲಿ ಎಣ್ಣೆ ಮತ್ತು ತೇವ ಇರುತ್ತವೆ. ಹಳೆಯ ಎರಕದ ತುಂಡುಗಳಿಗೆ ಮರಳು ಅಂಟಿರುತ್ತದೆ. ಕರಗಿಸಿದಾಗ ಇವೆಲ್ಲ ಹೊಗೆಯಾಗಿ, ಕಿಟ್ಟವಾಗಿ ಹೋಗುತ್ತವೆ. ದುಡ್ಡು ಮಾತ್ರ ಪೂರ್ತಿ ಕೊಟ್ಟಿರುತ್ತೇವೆ.

ಈಗ ತುಲನಾ ಪಟ್ಟಿಗೆ ಬನ್ನಿ. ಲೆಕ್ಕಕ್ಕೆಂದು ಒಂದು ಕಾಲ್ಪನಿಕ ದರ ಇಟ್ಟುಕೊಳ್ಳೋಣ. ಮೊದಲನೆಯವರು ಕಿಲೋಗೆ 46 ರೂಪಾಯಿ ಎನ್ನುತ್ತಾರೆ, ಸಾಗಣೆ 2.50 ರೂಪಾಯಿ ನಮ್ಮದು. ಎರಡನೆಯವರು ಕಾರ್ಖಾನೆಗೆ ತಂದು ಹಾಕಿ 48 ರೂಪಾಯಿ ಎನ್ನುತ್ತಾರೆ. ದರದ ಅಂಕಣವನ್ನಷ್ಟೇ ಕಂಡವರು 46ಕ್ಕೆ ಟಿಕ್ ಹಾಕುತ್ತಾರೆ. ಸಾಗಣೆ ಸೇರಿಸಿದರೆ ಅದು 48.50. ಕುಲುಮೆಯವರನ್ನು ಕೇಳಿದಾಗ ಮೊದಲನೆಯವರ ಸರಕಿನಲ್ಲಿ ಶೇಕಡಾ 6 ನಷ್ಟ, ಎರಡನೆಯವರದರಲ್ಲಿ ಶೇಕಡಾ 2 ಎಂದು ತಿಳಿಯಿತೆನ್ನಿ. ಆಗ ಕರಗಿ ಸಿಗುವ ಒಂದು ಕಿಲೋ ಲೋಹಕ್ಕೆ ಮೊದಲನೆಯವರದು 51.60 ರೂಪಾಯಿ ಬೀಳುತ್ತದೆ, ಎರಡನೆಯವರದು ಸುಮಾರು 49. ಕಿಲೋಗೆ ಎರಡೂವರೆ ರೂಪಾಯಿಗಿಂತ ಹೆಚ್ಚಿನ ವ್ಯತ್ಯಾಸ. ತುಲನಾ ಪಟ್ಟಿಗೆ ಈ ಎರಡು ಅಂಕಣಗಳನ್ನು, ಅಂದರೆ ಸಾಗಣೆ ಮತ್ತು ಕರಗುವಿಕೆಯ ನಷ್ಟವನ್ನು ಸೇರಿಸಿದವರು ಮಾತುಕತೆಯ ಕೋಣೆಗೆ ಬೇಕಾಗುತ್ತಾರೆ. ಏಕೆಂದರೆ ಒಳಗೆ ಕೂತವರಿಗೆ ಆ ಅಂಕಿ ಎಲ್ಲಿಂದ ಬಂತೆಂದು ವಿವರಿಸಲು ಬೇರೆ ಯಾರಿಗೂ ಬರುವುದಿಲ್ಲ. ಕೋಣೆಯೊಳಗೆ ಹೋಗಲು ನನಗೆ ಗೊತ್ತಿರುವ ನೇರವಾದ ದಾರಿ ಇದು.

ಆಸ್ಪತ್ರೆ, ಕಾಲೇಜು, ಹಾಲಿನ ಸಂಘದಲ್ಲಿರುವವರು ಸ್ಕ್ರ್ಯಾಪಿನ ಜಾಗದಲ್ಲಿ ಶಸ್ತ್ರಚಿಕಿತ್ಸೆಯ ಕೈಗವಸು, ಪ್ರಯೋಗಾಲಯದ ಉಪಕರಣ, ಪಶು ಆಹಾರ ಎಂದು ಓದಿಕೊಳ್ಳಲಿ. ಕೊಟ್ಟ ದರಕ್ಕೂ ಬಳಸಿದ ಮೇಲೆ ಬೀಳುವ ದರಕ್ಕೂ ಇರುವ ಅಂತರ ಎಲ್ಲೆಡೆಯೂ ಇದೆ.

3. ಯಾರ್ಡಿಗೆ ಹೋಗಿ ಬನ್ನಿ

ಪೂರೈಕೆದಾರರ ಜಾಗವನ್ನು ಕಣ್ಣಾರೆ ನೋಡದವರ ಮಾತಿಗೆ ಖರೀದಿಯಲ್ಲಿ ಬೆಲೆ ಕಡಿಮೆ. ಹಾಗಾಗಿ ‘ನಿಮಗೇಕೆ ತೊಂದರೆ’ ಎಂಬ ಮಾತಿಗೆ ಲಿಖಿತ ಉತ್ತರ ಕೊಡಿ: ದಿನಾಂಕ, ವಾಹನ, ಯಾವ ಯಾವ ಘಟಕ, ಏನು ಪರಿಶೀಲನೆ, ಸಂಜೆ ಎಷ್ಟಕ್ಕೆ ವಾಪಸ್. ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನಗಳಿಗೆ ಆಗಾಗ ನಿರ್ಬಂಧ ಬೀಳುತ್ತದೆ. ಕರಾವಳಿಯಿಂದ ಬರುವ ಸರಕು ಸುತ್ತು ದಾರಿ ಹಿಡಿಯುತ್ತದೆ, ದಿನಗಳು ಹೆಚ್ಚುತ್ತವೆ. ಮಳೆಗಾಲದಲ್ಲಿ ಹೋಗಬೇಡಿ ಎನ್ನುವವರಿಗೆ ‘ಸರಕು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನೋಡಬೇಕಾದದ್ದು ಮಳೆಗಾಲದಲ್ಲೇ ಅಲ್ಲವೇ ಸರ್?’ ಎಂದು ಕೇಳಬಹುದು.

ಸುರಕ್ಷತೆಯ ಪ್ರಶ್ನೆ ಸುಳ್ಳಲ್ಲ. ಅದಕ್ಕೆ ಪರಿಹಾರವಾಗಿ ನಿಮ್ಮೊಬ್ಬರನ್ನು ಕಚೇರಿಯಲ್ಲಿ ಕೂರಿಸುವುದಷ್ಟೇ ತಪ್ಪು. ಪೂರೈಕೆದಾರರ ಭೇಟಿಗೆ ಯಾರೇ ಹೋಗಲಿ, ಇಬ್ಬರು ಹೋಗಬೇಕು ಎಂಬ ನಿಯಮ ಮಾಡಿಸಿ, ಗಂಡಸರಿಗೂ ಸೇರಿಸಿ. ಕಮಿಷನ್ ಮಾತುಕತೆಗೂ ಅದು ಕಡಿವಾಣವಾಗುತ್ತದೆ, ಮಾಲೀಕರು ಬೇಡವೆನ್ನಲಾರರು. ಇನ್ನೊಂದು ಮಾತು: ಸ್ಟೋರ್ಸ್ ಯಾರ್ಡಿನಲ್ಲಿ ಹೆಂಗಸರ ಶೌಚಾಲಯ ಇಲ್ಲವೆಂದು ಎಷ್ಟೋ ಮಂದಿ ಅರ್ಧ ಗಂಟೆಗಿಂತ ಹೆಚ್ಚು ಅಲ್ಲಿ ನಿಲ್ಲುವುದಿಲ್ಲ. ಆಮೇಲೆ ಅದನ್ನೇ ‘ಆಸಕ್ತಿ ಇಲ್ಲ’ ಎಂದು ಓದಲಾಗುತ್ತದೆ. ಇದನ್ನು ಸಂಕೋಚವಿಲ್ಲದೆ ಕೇಳಿ. ಶೌಚಾಲಯ ಕಟ್ಟಿಸುವ ಇಂಡೆಂಟ್ ಕೊನೆಗೆ ಖರೀದಿ ವಿಭಾಗಕ್ಕೇ ತಾನೇ ಬರುವುದು!

4. ದರದ ಮಾತುಕತೆ

‘ಸಾಹೇಬರು ಇಲ್ಲವೇ ಮೇಡಂ?’

ಪೂರೈಕೆದಾರ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಇದು. ನೀವು ಎದುರಿಗೇ ಕೂತಿದ್ದರೂ ನಿಮ್ಮ ಪ್ರಶ್ನೆಯ ಉತ್ತರವನ್ನು ಪಕ್ಕದಲ್ಲಿರುವ ತರಬೇತಿಯ ಹುಡುಗನ ಮುಖ ನೋಡಿ ಹೇಳುತ್ತಾನೆ. ಇದಕ್ಕೆ ಮಾಡಬೇಕಾದ ತಯಾರಿ ಸಭೆಯ ಹಿಂದಿನ ದಿನದ್ದು. ‘ಈ ಖರೀದಿಯ ಮಾತುಕತೆಯನ್ನು ಇಂಥವರು ನಡೆಸುತ್ತಾರೆ, ಅಂತಿಮ ದರವನ್ನು ಅವರಿಗೇ ಲಿಖಿತವಾಗಿ ನೀಡಬೇಕು’ ಎಂಬ ಇಮೇಲ್ ಮೇಲಧಿಕಾರಿಯ ಹೆಸರಿನಲ್ಲಿ ಹೋಗಲಿ. ಮೇಲಧಿಕಾರಿಯಿಂದ ಒಂದು ಮಾತು ಪಡೆದುಕೊಳ್ಳಿ: ಪೂರೈಕೆದಾರ ಹೊರಗೆ ಹೋಗಿ ನೇರವಾಗಿ ಅವರಿಗೆ ಫೋನ್ ಮಾಡಿದರೆ, ‘ಮೇಡಂ ಹತ್ತಿರವೇ ಮಾತಾಡಿ’ ಎಂದಷ್ಟೇ ಹೇಳಿ ಇಡಬೇಕು. ಅವರು ಒಮ್ಮೆ ದಾಕ್ಷಿಣ್ಯಕ್ಕೆ ಐವತ್ತು ಪೈಸೆ ಬಿಟ್ಟುಕೊಟ್ಟರೂ ಮುಗಿಯಿತು, ಮುಂದಿನ ವರ್ಷವೂ ಎಲ್ಲರೂ ಅವರಿಗೇ ಫೋನ್ ಮಾಡುತ್ತಾರೆ. ಮಲೆನಾಡಿನಲ್ಲಿ ದಾಕ್ಷಿಣ್ಯ ಸ್ವಲ್ಪ ಹೆಚ್ಚೇ. ಪೂರೈಕೆದಾರ ಯಾರದೋ ಭಾವ, ಯಾರದೋ ಸಹಪಾಠಿ ಆಗಿರುತ್ತಾನೆ.

ಹೆಂಗಸರು ಚೌಕಾಶಿಯಲ್ಲಿ ಹಿಂದೆ ಎಂಬ ಮಾತಿಗೆ ಸಂಶೋಧನೆಯಲ್ಲಿ ಸಿಗುವ ಚಿತ್ರ ಬೇರೆ. ಹೆಣ್ಣೊಬ್ಬಳು ತನಗಾಗಿ ಹೆಚ್ಚು ಸಂಬಳ ಕೇಳಿದಾಗ ಎದುರಿನವರು ಅವಳನ್ನು ಇಷ್ಟಪಡದೆ ಹೋಗುತ್ತಾರೆ, ಆ ಭಯಕ್ಕೆ ಅವಳು ಕೇಳುವುದನ್ನೇ ತಗ್ಗಿಸುತ್ತಾಳೆ. ಇನ್ನೊಬ್ಬರ ಪರವಾಗಿ ಕೇಳುವಾಗ ಆ ಹಿಂಜರಿಕೆ ಕಡಿಮೆಯಾಗುತ್ತದೆ ಎಂದು ಅಮಾನತುಲ್ಲಾ ಮತ್ತು ಮೋರಿಸ್ 2010ರಲ್ಲಿ ತೋರಿಸಿದರು. ಖರೀದಿ ಎಂದರೆ ಪೂರ್ತಿಯಾಗಿ ಇನ್ನೊಬ್ಬರ ಪರವಾದ ಚೌಕಾಶಿಯೇ ತಾನೇ? ‘ನನಗೆ ಕಡಿಮೆ ಮಾಡಿ’ ಎನ್ನಬೇಡಿ. ‘ಈ ದರಕ್ಕೆ ನಮ್ಮ ಕುಲುಮೆಯ ಲೆಕ್ಕ ಕೂಡಿಬರುವುದಿಲ್ಲ’ ಎನ್ನಿ.

ಅಪಾಯ ಇನ್ನೊಂದು ಬದಿಯಲ್ಲಿದೆ. ಅಮೆರಿಕದಲ್ಲಿ ಏರ್ಸ್ ಮತ್ತು ಸೀಗಲ್‌ಮನ್ 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದೇ ರೀತಿ ಮಾತಾಡಲು ತರಬೇತಿ ಪಡೆದವರನ್ನು ಕಾರು ಮಾರುವ ಅಂಗಡಿಗಳಿಗೆ ಕಳಿಸಿದರು. ಬಿಳಿಯ ಗಂಡಸರಿಗೆ ಹೇಳಿದ ಬೆಲೆಗಿಂತ ಹೆಂಗಸರಿಗೂ ಕಪ್ಪು ಜನರಿಗೂ ಹೇಳಿದ ಬೆಲೆ ಹೆಚ್ಚಿತ್ತು. ಕೊಳ್ಳುವವರ ಮುಖ ನೋಡಿ ದರ ಏರುತ್ತದೆ ಎಂದಾದರೆ, ಮೊದಲ ದರ ನಿಮ್ಮ ಮುಖ ನೋಡುವ ಮೊದಲೇ ಬರುವಂತೆ ಮಾಡಿ. ಎಲ್ಲರಿಗೂ ಒಂದೇ ನಮೂನೆ, ಒಂದೇ ಗಡುವು, ಸರಕಿನ ಬೆಲೆ, ಪ್ಯಾಕಿಂಗ್, ಸಾಗಣೆ, ತೆರಿಗೆ ಬಿಡಿಬಿಡಿಯಾಗಿ, ವಿಭಾಗದ ಸಾಮಾನ್ಯ ಇಮೇಲಿಗೆ. ಫೋನಿನಲ್ಲಿ ಹೇಳಿದ ದರವನ್ನು ದರವೆಂದು ಪರಿಗಣಿಸಬೇಡಿ.

ಸರ್ಕಾರಿ ಕಚೇರಿಯಲ್ಲಿರುವವರಿಗೆ ಈ ಭಾಗ ಸುಲಭ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರಡಿಯ 2000ದ ನಿಯಮಗಳು, ಜೊತೆಗೆ ಇ-ಸಂಗ್ರಹಣೆ ಪೋರ್ಟಲ್ ಇರುವುದರಿಂದ ದರ ಬರುವಾಗ ಮುಖದ ಪ್ರಶ್ನೆ ಏಳುವುದಿಲ್ಲ. ಅಲ್ಲಿ ತಾರತಮ್ಯ ಕೂರುವುದು ಎರಡು ಕಡೆ: ತಾಂತ್ರಿಕ ವಿವರಣೆಯನ್ನು ಯಾರು ಬರೆಯುತ್ತಾರೆ, ಪರಿಶೀಲನೆಯ ಸಮಿತಿಯಲ್ಲಿ ಯಾರಿರುತ್ತಾರೆ. ಪೋರ್ಟಲ್‌ನಲ್ಲಿ ಕಡತ ಏರಿಸುವ ಕೆಲಸಕ್ಕೆ ಹೆಣ್ಣುಮಗಳು, ಸಮಿತಿಗೆ ಉಳಿದವರು ಎಂಬ ಹಂಚಿಕೆ ಕಂಡರೆ, ವಿವರಣೆ ಬರೆಯುವ ಕೆಲಸವನ್ನು ಕೇಳಿ ಪಡೆಯಿರಿ.

5. ಹೆಸರು ಕೆಡಿಸುವ ಮಾತು ಬರುತ್ತದೆ, ಮೊದಲೇ ತಯಾರಾಗಿ

ಇದನ್ನು ಯಾವ ಪುಸ್ತಕದ ಪಾಠದಲ್ಲೂ ಹೇಳುವುದಿಲ್ಲ. ಖರೀದಿಯಲ್ಲಿ ಗಂಡಸು ಪೂರೈಕೆದಾರನೊಂದಿಗೆ ಸಂಜೆ ಊಟಕ್ಕೆ ಹೋದರೆ ಅದು ಸಂಬಂಧ ಬೆಳೆಸುವುದು. ಹೆಣ್ಣು ಅದೇ ಪೂರೈಕೆದಾರನೊಂದಿಗೆ ಗೇಟಿನ ಬಳಿ ಕಾಲು ಗಂಟೆ ನಿಂತು ಮಾತಾಡಿದರೆ ಊರಿಗೆಲ್ಲ ಸುದ್ದಿ. ನಮ್ಮದು ದೊಡ್ಡ ಊರಲ್ಲ. ಬೆಳಿಗ್ಗೆ ಕಾರ್ಖಾನೆಯಲ್ಲಿ ಹುಟ್ಟಿದ ಮಾತು ಸಂಜೆ ಗಾಂಧಿ ಬಜಾರಿನಲ್ಲಿ ಅತ್ತೆಯ ಕಿವಿಗೆ ಬೀಳಬಹುದು. ಯಾರದಾದರೂ ಕಮಿಷನ್ನಿಗೆ ನೀವು ಅಡ್ಡ ಬಂದಾಗ ಈ ಅಸ್ತ್ರವೇ ಮೊದಲು ಹೊರಗೆ ಬರುತ್ತದೆ. ನಿಮ್ಮ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ, ನಡತೆಯ ಬಗ್ಗೆ ಪಿಸುಗುಟ್ಟುವುದು ಸುಲಭ.

ಇದಕ್ಕೆ ಹೆದರಿ ಮಾತುಕತೆ ನಿಲ್ಲಿಸಬೇಡಿ. ಪೂರೈಕೆದಾರರ ಭೇಟಿಯನ್ನೆಲ್ಲ ಕಚೇರಿಯ ವೇಳೆಗೆ, ಸಂದರ್ಶಕರ ಪುಸ್ತಕಕ್ಕೆ, ಗಾಜಿನ ಕೋಣೆಗೆ ತನ್ನಿ. ಭೇಟಿ ಮುಗಿದ ಕೂಡಲೇ ನಾಲ್ಕು ಸಾಲಿನ ಇಮೇಲ್: ಏನು ಚರ್ಚೆಯಾಯಿತು, ಏನು ಒಪ್ಪಿದರು. ದೀಪಾವಳಿಯ ಸಿಹಿ ಪೆಟ್ಟಿಗೆ, ಡೈರಿ, ಬೆಳ್ಳಿ ನಾಣ್ಯ ಏನೇ ಬಂದರೂ ಉಡುಗೊರೆಗಳ ನೋಂದಣಿ ಪುಸ್ತಕದಲ್ಲಿ ಬರೆಯುವ ಪದ್ಧತಿ ಹಾಕಿಸಿ, ಎಲ್ಲರಿಗೂ. ಸಂಜೆಯ ಊಟದ ಕೂಟಗಳಿಗೆ ಬದಲಾಗಿ ವರ್ಷಕ್ಕೊಮ್ಮೆ ಹಗಲಿನಲ್ಲಿ ಪೂರೈಕೆದಾರರ ಸಭೆ ಕರೆಯುವಂತೆ ಸೂಚಿಸಿ, ಅದರ ಹೊಣೆಯನ್ನು ನೀವೇ ಹೊತ್ತುಕೊಳ್ಳಿ. ಕುಂಬಳಕಾಯಿ ಬೇಡವೆಂದವಳು ಇದನ್ನೇಕೆ ಹೇಳುತ್ತಿದ್ದೇನೆ ಎನ್ನಬಹುದು. ಇದರಲ್ಲಿ ಎಲ್ಲ ಪೂರೈಕೆದಾರರಿಗೂ ನಿಮ್ಮ ಮುಖ, ನಿಮ್ಮ ದನಿ ಪರಿಚಯವಾಗುತ್ತದೆ.

ಮಾತು ಮಿತಿ ಮೀರಿದರೆ ಕಾನೂನು ನೆನಪಿರಲಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಘಟಕವಾದರೆ, ಅಥವಾ ದೂರು ಮಾಲೀಕರ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಕೆಲಸದ ನಿಮಿತ್ತ ಹೋದ ಪೂರೈಕೆದಾರರ ಯಾರ್ಡ್, ಕಂಪನಿ ಕೊಟ್ಟ ವಾಹನ, ಇವೂ ಕೆಲಸದ ಸ್ಥಳವೇ. ಕಿರುಕುಳ ಕೊಟ್ಟವನು ಹೊರಗಿನವನಾದರೂ, ಸುರಕ್ಷಿತ ವಾತಾವರಣ ಒದಗಿಸುವ ಮತ್ತು ದೂರು ನೀಡಲು ನೆರವಾಗುವ ಹೊಣೆ ನಿಮ್ಮ ಸಂಸ್ಥೆಯದು. ದೂರು ಮೂರು ತಿಂಗಳೊಳಗೆ ಲಿಖಿತವಾಗಿ ಹೋಗಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ‘ಹಬ್ಬ ಮುಗಿಯಲಿ, ಆಡಿಟ್ ಮುಗಿಯಲಿ’ ಎಂದು ಮುಂದೂಡುವವರಿಗೆ ಈ ಗಡುವನ್ನು ತೋರಿಸಿ.

6. ಮಾಡಿದ ಕೆಲಸವನ್ನು ರೂಪಾಯಿಯಲ್ಲಿ ಬರೆದಿಡಿ

ಮೂರು ತಿಂಗಳಿಗೊಮ್ಮೆ ಒಂದೇ ಒಂದು ಪುಟ. ಹಳೆಯ ದರ, ಹೊಸ ದರ, ಪ್ರಮಾಣ, ಉಳಿತಾಯ. ಹಣ ಪಾವತಿಯ ಅವಧಿ ಎಷ್ಟು ಬದಲಾಯಿತು, ತಿರಸ್ಕಾರವಾದ ಸರಕು ಎಷ್ಟು ಕಡಿಮೆಯಾಯಿತು, ಮಳೆಗಾಲದಲ್ಲಿ ಉತ್ಪಾದನೆಯ ಲೈನ್ ನಿಲ್ಲದಂತೆ ಯಾವ ಸರಕನ್ನು ಮುಂಚೆಯೇ ತರಿಸಿದಿರಿ.

ಬಿಲ್ಲಿನ ಮೇಜಿನಲ್ಲಿ ಕೂತವರಿಗೆ ಒಂದು ಅವಕಾಶ ಕಾಲ ಬುಡದಲ್ಲೇ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂ.ಎಸ್.ಎಂ.ಇ.) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇದಕ್ಕೆ ಇನ್ನೊಂದು ಗಂಟು ಹಾಕಿತು: ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಬಹುದು. ಅಂದರೆ ಮಾರ್ಚ್ 31ಕ್ಕೆ ಗಡುವು ದಾಟಿ ಬಾಕಿ ಉಳಿದರೆ ಆ ವರ್ಷ ತೆರಿಗೆ ಹೆಚ್ಚು. ನಿಮ್ಮ ಪೂರೈಕೆದಾರರಲ್ಲಿ ಯಾರಿಗೆ ಇಂಥ ಉದ್ಯಮವೆಂಬ ಸರ್ಕಾರಿ ನೋಂದಣಿ (ಉದ್ಯಮ್) ಇದೆ, ಯಾರ ಬಿಲ್ಲು ಎಷ್ಟು ದಿನ ದಾಟಿದೆ ಎಂಬ ಪಟ್ಟಿಯನ್ನು ಜನವರಿಯಲ್ಲೇ ತಯಾರಿಸಿ ಲೆಕ್ಕಪರಿಶೋಧಕರ ಮುಂದೆ ಇಡಿ. ಯಾರೂ ಕೇಳದೆಯೇ ಮಾಡಿದ ಈ ಪಟ್ಟಿ ಮಾಲೀಕರ ಮೇಜಿಗೆ ತಾನಾಗಿಯೇ ಹೋಗುತ್ತದೆ.

7. ಈಗ ಮಿತಿ ಕೇಳಿ

ಪ್ರತಿ ಸಂಸ್ಥೆಯಲ್ಲೂ ಯಾರು ಎಷ್ಟು ರೂಪಾಯಿವರೆಗೆ ಒಪ್ಪಿಗೆ ಕೊಡಬಹುದು ಎಂಬ ಅಧಿಕಾರ ಹಂಚಿಕೆಯ ಪಟ್ಟಿ ಇರುತ್ತದೆ, ಬರೆದಿಟ್ಟಿಲ್ಲದಿದ್ದರೆ ರೂಢಿಯಲ್ಲಾದರೂ ಇರುತ್ತದೆ. ಬಜೆಟ್ ತಯಾರಿಯ ಫೆಬ್ರವರಿ-ಮಾರ್ಚ್ ತಿಂಗಳು ಕೇಳಲು ಸರಿಯಾದ ಹೊತ್ತು. ಪತ್ರ ಹೀಗಿರಬಹುದು:

‘ಮಾನ್ಯರೇ, ಈ ಆರ್ಥಿಕ ವರ್ಷದಲ್ಲಿ ಪ್ಯಾಕಿಂಗ್ ಸಾಮಗ್ರಿ ಮತ್ತು ಕಟಿಂಗ್ ಟೂಲ್‌ಗಳ ಖರೀದಿಯನ್ನು ನಾನು ನಿರ್ವಹಿಸಿದ್ದೇನೆ, ವಿವರ ಲಗತ್ತಿಸಿದೆ. ಸಣ್ಣ ಆರ್ಡರುಗಳಿಗೂ ಎರಡು ಸಹಿ ಬೇಕಾಗಿರುವುದರಿಂದ ಸರಕು ತಡವಾಗುತ್ತಿದೆ. ಈ ಎರಡು ವರ್ಗಗಳಲ್ಲಿ 1 ಲಕ್ಷ ರೂಪಾಯಿವರೆಗಿನ ದರ ಒಪ್ಪಿ ಆರ್ಡರ್ ನೀಡುವ ಅಧಿಕಾರವನ್ನು ಏಪ್ರಿಲ್ 1ರಿಂದ ಆರು ತಿಂಗಳ ಮಟ್ಟಿಗೆ ನನಗೆ ವಹಿಸಬೇಕೆಂದು ಕೋರುತ್ತೇನೆ. ಹೀಗೆ ನೀಡಿದ ಆರ್ಡರುಗಳ ಪಟ್ಟಿಯನ್ನು ಪ್ರತಿ ತಿಂಗಳ ಕೊನೆಗೆ ಸಲ್ಲಿಸುತ್ತೇನೆ.’

ಗೌರವ, ಸಮಾನತೆ ಎಂಬ ಪದಗಳು ಇದರಲ್ಲಿಲ್ಲ. ಬೇಕಂತಲೇ ಬಿಟ್ಟಿದ್ದೇನೆ. ಆರು ತಿಂಗಳ ಮಟ್ಟಿಗೆ ಎಂದು ಕೇಳಿದ್ದನ್ನು ನಿರಾಕರಿಸಲು ಕಾರಣ ಹುಡುಕಬೇಕಾಗುತ್ತದೆ, ಮತ್ತು ಆ ಕಾರಣವನ್ನು ಬರೆದು ಕೊಡಬೇಕಾಗುತ್ತದೆ. ಆರು ತಿಂಗಳಾದ ಮೇಲೆ ಕೊಟ್ಟದ್ದನ್ನು ಹಿಂದೆಗೆದುಕೊಳ್ಳುವುದು ಇನ್ನೂ ಕಷ್ಟ.

ಹೆರಿಗೆ ರಜೆಗೆ ಹೊರಟವರು ಇದನ್ನು ಎರಡು ಸಲ ಓದಿ. ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ 2017ರ ತಿದ್ದುಪಡಿಯಿಂದ ಬಂದ ಹಕ್ಕು. ರಜೆಯಲ್ಲಿರುವಾಗ ಸೇವಾ ಷರತ್ತುಗಳನ್ನು ನಿಮಗೆ ನಷ್ಟವಾಗುವಂತೆ ಬದಲಿಸುವುದನ್ನು ಕಾನೂನು ತಡೆಯುತ್ತದೆ. ಆದರೆ ಸರಕಿನ ವರ್ಗ ಕೈತಪ್ಪುವುದು ಆದೇಶದಿಂದಲ್ಲ, ಅಭ್ಯಾಸದಿಂದ. ‘ಹೇಗೂ ಅವನು ನೋಡಿಕೊಳ್ಳುತ್ತಿದ್ದಾನಲ್ಲ’ ಎಂದು ಸ್ಕ್ರ್ಯಾಪ್ ಅವನ ಬಳಿಯೇ ಉಳಿಯುತ್ತದೆ, ವಾಪಸ್ ಬಂದವರಿಗೆ ಸ್ಟೇಷನರಿ ಸಿಗುತ್ತದೆ. ಹೊಣೆ ಒಪ್ಪಿಸುವ ಪತ್ರದಲ್ಲೇ ‘ರಜೆಯ ಅವಧಿಗೆ ಮಾತ್ರ’ ಎಂದು ಬರೆದು, ಮರಳುವ ದಿನಾಂಕ ಹಾಕಿ, ಮೇಲಧಿಕಾರಿಯ ಸಹಿ ಪಡೆದುಕೊಂಡು ಹೋಗಿ. ಸಂಬಳದ ವಿಷಯಕ್ಕೆ ಬಂದರೆ, ಒಂದೇ ಬಗೆಯ ಕೆಲಸಕ್ಕೆ ಲಿಂಗದ ಕಾರಣಕ್ಕೆ ಬೇರೆ ವೇತನ ಕೊಡುವಂತಿಲ್ಲ ಎಂಬ 1976ರ ಕಾಯ್ದೆಯ ತತ್ವವನ್ನು ವೇತನ ಸಂಹಿತೆ, 2019 ಹಾಗೆಯೇ ಉಳಿಸಿಕೊಂಡಿದೆ.

8. ಕೋರ್ಸುಗಳು

ಭಾರತೀಯ ಸಾಮಗ್ರಿ ನಿರ್ವಹಣಾ ಸಂಸ್ಥೆಯ ಡಿಪ್ಲೊಮಾಗಳು, ಬ್ರಿಟನ್ನಿನ ಖರೀದಿ ವೃತ್ತಿಪರರ ಸಂಸ್ಥೆ ಸಿ.ಐ.ಪಿ.ಎಸ್.ನ ಹಂತಹಂತದ ಅರ್ಹತೆಗಳು ಕೆಲಸ ಮಾಡುತ್ತಲೇ ಮಾಡಬಹುದಾದವು. ದೊಡ್ಡ ಕಂಪನಿಗೆ ಹೋಗುವ ಇರಾದೆ ಇದ್ದರೆ ಉಪಯೋಗ. ವೇಬ್ರಿಡ್ಜ್ ನೋಡದವರಿಗೆ ಎರಡೂ ಅಷ್ಟಕ್ಕಷ್ಟೆ.

9. ಮಾಲೀಕರಿಗೆ, ವ್ಯವಸ್ಥಾಪಕರಿಗೆ

ರಾಜ್ಯೋತ್ಸವದ ದಿನ ಕೆಳದಿ ಚೆನ್ನಮ್ಮನ ಚಿತ್ರಕ್ಕೆ ಹಾರ ಹಾಕುವ ಕಾರ್ಖಾನೆಗಳಲ್ಲೂ ಖರೀದಿ ಸಮಿತಿಯಲ್ಲಿ ಒಬ್ಬ ಹೆಣ್ಣುಮಗಳಿರುವುದಿಲ್ಲ. ಕಂಪನಿ ಕಾಯ್ದೆ, 2013ರ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಿಗೂ, ಕನಿಷ್ಠ 100 ಕೋಟಿ ರೂಪಾಯಿ ಪಾವತಿಯಾದ ಬಂಡವಾಳ ಅಥವಾ ಕನಿಷ್ಠ 300 ಕೋಟಿ ವಹಿವಾಟಿನ ಸಾರ್ವಜನಿಕ ಕಂಪನಿಗಳಿಗೂ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಕಡ್ಡಾಯ. ನಮ್ಮ ಕಡೆಯ ಕುಟುಂಬದ ಘಟಕಗಳಿಗೆ ಆ ಕಡ್ಡಾಯವಿಲ್ಲ. ಆದರೂ ಪತ್ನಿಯ ಹೆಸರು ನಿರ್ದೇಶಕರ ಪಟ್ಟಿಯಲ್ಲಿರುತ್ತದೆ, ಚೆಕ್ ಪುಸ್ತಕ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಮಹಿಳಾ ಉದ್ಯಮಿಗಳಿಗೆಂದು ಇರುವ ಖರೀದಿ ಪಾಲನ್ನು ಪಡೆಯಲೂ ಇದೇ ಕಾಗದ ಬಳಕೆಯಾಗುವುದುಂಟು. ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಉದ್ದಿಮೆಗಳೂ ಒಟ್ಟು ಖರೀದಿಯ ಶೇಕಡಾ 25ನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ, ಅದರೊಳಗೆ ಶೇಕಡಾ 3ನ್ನು ಮಹಿಳೆಯರ ಒಡೆತನದ ಘಟಕಗಳಿಂದ ಕೊಳ್ಳಬೇಕೆಂದು 2018ರಲ್ಲಿ ನಿಗದಿಯಾಯಿತು. ಆ ಶೇಕಡಾ 3 ನಿಜವಾಗಿ ವ್ಯವಹಾರ ನಡೆಸುವ ಹೆಂಗಸರಿಗೆ ಹೋಗಬೇಕು.

ನಿಮ್ಮ ಸಂಸ್ಥೆಯಲ್ಲಿ ನಾಳೆಯೇ ಮಾಡಬಹುದಾದದ್ದು ಎರಡು. ಸರಕಿನ ವರ್ಗಗಳನ್ನು ಎರಡು ವರ್ಷಕ್ಕೊಮ್ಮೆ ಸರದಿಯಂತೆ ಬದಲಿಸಿ. ಒಬ್ಬನೇ ಹತ್ತು ವರ್ಷ ಸ್ಕ್ರ್ಯಾಪ್ ನೋಡುವುದು ನಿಮ್ಮ ಹಣಕ್ಕೂ ಒಳ್ಳೆಯದಲ್ಲ. ಸಂದರ್ಶನದಲ್ಲಿ ‘ಮದುವೆ ಯಾವಾಗ, ಯಜಮಾನರಿಗೆ ವರ್ಗಾವಣೆ ಆದರೆ?’ ಎಂಬ ಪ್ರಶ್ನೆಗಳನ್ನು ಬಿಟ್ಟು, ಬಂದ ಎಲ್ಲರ ಕೈಗೂ ಮೂರು ಕೊಟೇಶನ್ ಕೊಟ್ಟು ತುಲನಾ ಪಟ್ಟಿ ಮಾಡಿಸಿ. ಉತ್ತರ ಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆ ಇರಲಿ.

10. ಯಾವುದೂ ನಡೆಯದಿದ್ದರೆ

ಎರಡು ಬಜೆಟ್ ಕಳೆದರೂ ಮಿತಿ ಸಿಗದಿದ್ದರೆ, ಲಿಖಿತ ಉತ್ತರವೂ ಬರದಿದ್ದರೆ, ಬೇರೆ ಕಡೆ ನೋಡುವುದು ಸೋಲಲ್ಲ. ಹರಿಹರ, ಹುಬ್ಬಳ್ಳಿ, ತುಮಕೂರು, ಬೆಂಗಳೂರು ಎಲ್ಲ ಕಡೆಯೂ ಸ್ಕ್ರ್ಯಾಪಿನ ನಷ್ಟದ ಲೆಕ್ಕ ಗೊತ್ತಿರುವವರು ಬೇಕು. ಮೂರು ತಿಂಗಳಿಗೊಂದರಂತೆ ಬರೆದಿಟ್ಟ ಪುಟಗಳಲ್ಲಿ ಪೂರೈಕೆದಾರರ ಹೆಸರು ಮತ್ತು ದರ ತೆಗೆದು, ಶೇಕಡಾವಾರು ಉಳಿತಾಯ ಮಾತ್ರ ಉಳಿಸಿಕೊಂಡು ರೆಸ್ಯೂಮೆಗೆ ಹಾಕಿ. ಹಳೆಯ ಕಂಪನಿಯ ದರಪಟ್ಟಿಯನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಬೇಡಿ, ಹೊಸಬರು ಕೇಳಿದರೂ ಕೊಡಬೇಡಿ. ಇವತ್ತು ಅದನ್ನು ಕೇಳಿ ಪಡೆದವರು ನಾಳೆ ನಿಮ್ಮ ಕೈಗೆ ದೊಡ್ಡ ಮೊತ್ತದ ಆರ್ಡರ್ ಕೊಡಲು ಹಿಂದೆಮುಂದೆ ನೋಡುತ್ತಾರೆ. ಸಂದರ್ಶನದ ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ?’ ಎಂದಾಗ ಮೂರನ್ನು ಕೇಳಿ: ಈ ಹುದ್ದೆಗೆ ಯಾವ ವರ್ಗದ ಸರಕು, ಪೂರೈಕೆದಾರರ ಭೇಟಿಗೆ ಯಾರು ಹೋಗುತ್ತಾರೆ, ತುಲನಾ ಪಟ್ಟಿಯ ಕೆಳಗಿನ ಸಹಿ ಯಾರದು.